ವ್ಯೋಮದಲ್ಲಿ ವಾಣಿಜ್ಯ

1932ನೆಯ ಇಸವಿಯ ಅಕ್ಟೋಬರ್ 15ರಂದು ಕರಾಚಿಯ ವಿಮಾನ ನಿಲ್ದಾಣದಿಂದ ಒಂದೇ ಎಂಜಿನ್ನಿನ ಪುಟ್ಟ ವಿಮಾನವೊಂದು ಮೇಲೆದ್ದಿತು. ಅದನ್ನು ನಡೆಸುತ್ತಿದ್ದವರು ಜೆ. ಆರ್. ಡಿ. ಟಾಟಾ. ವಿಮಾನದಲ್ಲಿ ಪ್ರಯಾಣಿಕರು ಯಾರೂ ಇರಲಿಲ್ಲ. ಲಂಡನ್ನಿನಿಂದ ಬಂದಿದ್ದ ಅಂಚೆಯ ಚೀಲಗಳಿದ್ದವು. ಅಹಮದಾಬಾದಿನಲ್ಲಿ ಇಳಿದಾಗ ಅದಕ್ಕೆ ಬೇಕಾದ ಪೆಟ್ರೋಲನ್ನು ಎತ್ತಿನ ಗಾಡಿಯಲ್ಲಿ ತಂದು ತುಂಬಿಸಿದರಂತೆ. ಅಲ್ಲಿಂದ ಹೊರಟ ವಿಮಾನ ಮುಂಬಯಿಯ ಜುಹೂ ಬಯಲಿಗೆ ಬಂದು ತಲುಪಿತು. ಮುಂಬಯಿಯಿಂದ ಮುಂದಕ್ಕೆ ನೆವಿಲ್ ವಿನ್ಸೆಂಟ್ ಎಂಬ ವೈಮಾನಿಕನು ಅಂಚೆಯನ್ನು ಹೊತ್ತು ನಮ್ಮ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಹಾರಿದನು. ನಮ್ಮ ದೇಶದ ನಾಗರಿಕ ವಿಮಾನಯಾನದ ಕಥೆ ಆರಂಭವಾಗುವುದು ಹೀಗೆ.

ಆ ದಿನಗಳಲ್ಲಿ ವಿಮಾನದಲ್ಲಿ ಕುಳಿತು ಪ್ರಯಾಣ ಮಾಡುವ ಧೈರ್ಯವಾಗಲಿ, ಅದಕ್ಕೆ ತಕ್ಕ ಹಣವಾಗಲಿ ಬಹುಮಂದಿಗೆ ಇರಲಿಲ್ಲ. ಪ್ರಯಾಣಿಕರನ್ನೇ ನೆಚ್ಚಿ ವಿಮಾನ ಸಂಸ್ಥೆಯನ್ನು ತೆರೆದಿದ್ದರೆ ಅದು ವರ್ಷದೊಳಗೆ ಬಾಗಿಲು ಮುಚ್ಚಬೇಕಾಗುತ್ತಿತ್ತು. ಸಂಸ್ಥೆಯನ್ನು ಉಳಿಸಿದ್ದು ಅಂಚೆಯ ಚೀಲ. ಪತ್ರ ಬರೆಯುವವರು ಎಂದೂ ಇದ್ದರು. ಆ ಪತ್ರಗಳು ಬೇಗ ತಲುಪಬೇಕೆಂಬ ಆತುರ ಸರ್ಕಾರಕ್ಕೂ ವರ್ತಕರಿಗೂ ಇತ್ತು. ಹೊತ್ತ ಹೊರೆಗೆ ಬಾಡಿಗೆ ಸಿಕ್ಕುವುದೆಂಬ ಭರವಸೆ ಇದ್ದುದರಿಂದಲೇ ವಿಮಾನ ಹಾರಿತು. ಅಮೆರಿಕೆಯಲ್ಲಿಯೂ ನಡೆದದ್ದು ಇದೇ. ಅಲ್ಲಿನ ಸರ್ಕಾರ 1925ರಲ್ಲಿ ಕಾನೂನೊಂದನ್ನು ಮಾಡಿ ಅಂಚೆಯನ್ನು ಹೊರುವ ಗುತ್ತಿಗೆಯನ್ನು ಖಾಸಗಿ ವಿಮಾನ ಸಂಸ್ಥೆಗಳಿಗೆ ಕೊಟ್ಟಿತು. ಪ್ರಯಾಣಿಕರು ಬಂದದ್ದು ಆಮೇಲೆ.

ಹೊಸದೊಂದು ದಾರಿಯಲ್ಲಿ ವ್ಯಾಪಾರ ಬೆಳೆಯಬೇಕಾದರೆ ಮೊದಲನೆಯ ಹೊರೆಗೆ ಬಾಡಿಗೆ ತೆರುವವನು ಒಬ್ಬನಿರಬೇಕು. ಆಕಾಶದಾಚೆಗಿನ ವ್ಯೋಮದಲ್ಲಿ ಖಾಸಗಿ ಸಂಸ್ಥೆಗಳು ನಡೆಸಿದ ಅರುವತ್ತು ವರ್ಷಗಳ ಉದ್ಯಮವನ್ನು ಗಮನಿಸಿದರೆ ಅಲ್ಲಿಯೂ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಇದೇ ಆಗಿದೆ: ಬಾಡಿಗೆ ಕೊಡುವವರು ಯಾರು?

ವ್ಯೋಮಯುಗ ಆರಂಭವಾದಾಗ ಅದು ಸಂಪೂರ್ಣವಾಗಿ ಸರ್ಕಾರಗಳ ಕಾರ್ಯಕ್ಷೇತ್ರವಾಗಿತ್ತು. 1957ರಲ್ಲಿ ಸೋವಿಯತ್ ದೇಶ ಸ್ಪುಟ್ನಿಕ್ಕನ್ನು ಹಾರಿಸಿತು. ಮರುವರ್ಷ ಅಮೆರಿಕ ತನ್ನ ಉಪಗ್ರಹವನ್ನು ಹಾರಿಸಿತು. ಎರಡು ಮಹಾರಾಷ್ಟ್ರಗಳ ಪೈಪೋಟಿಯಲ್ಲಿ ವರ್ತಕನಿಗೆ ಎಲ್ಲಿಯ ಸ್ಥಳ? ಆದರೂ ಐದು ವರ್ಷ ಕಳೆಯುವುದರೊಳಗೆ ಆತನೂ ಅಲ್ಲಿಗೆ ಕಾಲಿಟ್ಟನು. ಅಮೆರಿಕೆಯ ದೂರವಾಣಿ ಸಂಸ್ಥೆಯಾದ ಎ.ಟಿ. ಅಂಡ್ ಟಿ. ತನ್ನ ಸ್ವಂತ ಹಣದಿಂದ ಟೆಲ್‌ಸ್ಟಾರ್ ಎಂಬ ಉಪಗ್ರಹವನ್ನು ನಿರ್ಮಿಸಿತು. ಅದನ್ನು ಮೇಲಕ್ಕೊಯ್ಯುವ ರಾಕೆಟ್ಟು ಸರ್ಕಾರದ್ದು. ಆದರೆ ಆ ರಾಕೆಟ್ಟಿನ ಬಾಡಿಗೆಯನ್ನು ಸಂಸ್ಥೆಯೇ ತೆತ್ತಿತು. 1962ರ ಜುಲೈ 10ರಂದು ಮೇಲೇರಿದ ಟೆಲ್‌ಸ್ಟಾರ್ ಅಟ್ಲಾಂಟಿಕ್ ಸಾಗರದ ಒಂದು ದಡದ ದೂರದರ್ಶನ ಚಿತ್ರಗಳನ್ನು ಇನ್ನೊಂದು ದಡಕ್ಕೆ ಮುಟ್ಟಿಸಿತು. ಒಂದು ಸುತ್ತಿನಲ್ಲಿ ಸುಮಾರು ಇಪ್ಪತ್ತು ನಿಮಿಷಗಳ ಕಾಲ ಮಾತ್ರ ಅದು ಎರಡು ದಡಗಳಿಗೂ ಒಮ್ಮೆಗೇ ಕಾಣುತ್ತಿತ್ತು. ಆ ಇಪ್ಪತ್ತು ನಿಮಿಷಗಳೇ ಜಗತ್ತನ್ನು ಬೆರಗುಗೊಳಿಸಲು ಸಾಕಾದವು.

ಈ ಉಪಗ್ರಹದ ಆಯುಸ್ಸು ದೀರ್ಘವಾಗಲಿಲ್ಲ. ಅದು ಹಾರುವುದಕ್ಕೆ ಒಂದು ದಿನ ಮೊದಲು ಅಮೆರಿಕೆಯ ಸೇನೆ ಪೆಸಿಫಿಕ್ ಸಾಗರದ ಮೇಲೆ, ಸುಮಾರು 400 ಕಿಲೋಮೀಟರು ಎತ್ತರದಲ್ಲಿ, ಪರಮಾಣು ಬಾಂಬೊಂದನ್ನು ಸಿಡಿಸಿ ಪರೀಕ್ಷಿಸಿತ್ತು. ಆ ಸ್ಫೋಟದಿಂದ ಚೆಲ್ಲಿದ ವಿದ್ಯುತ್ಕಣಗಳು ಭೂಮಿಯ ಸುತ್ತ ನೆಲಸಿ ಟೆಲ್‌ಸ್ಟಾರಿನ ಟ್ರಾನ್ಸಿಸ್ಟರುಗಳನ್ನು ಮೆಲ್ಲಮೆಲ್ಲನೆ ಕೆಡಿಸಿದವು. 1963ರ ಫೆಬ್ರವರಿಯಲ್ಲಿ ಅದು ಮೌನವಾಯಿತು. ವ್ಯೋಮಕ್ಕೆ ಹೋದ ಮೊದಲ ವ್ಯಾಪಾರಿಯ ಸರಕನ್ನು ಹಾಳುಮಾಡಿದುದು ಅವನದೇ ದೇಶದ ಸೇನೆ ಎಂಬುದು ವಿಧಿಯ ವಿಡಂಬನೆ ಎನ್ನಬೇಕು. ಗೋಡೆಗಳಿಲ್ಲದ ಆ ಬಯಲಿನಲ್ಲಿ ಒಬ್ಬನು ಮಾಡಿದುದು ಇನ್ನೊಬ್ಬನನ್ನು ತಟ್ಟದೆ ಇರದು.

ಅನಂತರ 1965ರ ಏಪ್ರಿಲ್ 6ರಂದು ‘ಅರ್ಲಿ ಬರ್ಡ್’ ಎಂಬ ಉಪಗ್ರಹ ಹಾರಿತು. ಇದರ ಒಡೆತನದಲ್ಲಿ ‘ಕಾಮ್‌ಸ್ಯಾಟ್’ ಎಂಬ ಹೊಸ ಬಗೆಯ ಕಂಪೆನಿಯೊಂದಕ್ಕೆ ಪ್ರಮುಖ ಪಾತ್ರವಿತ್ತು. ಸರ್ಕಾರ 1962ರ ಕಾನೂನಿನಿಂದ ಹುಟ್ಟುಹಾಕಿದ, ಆದರೆ ಜನರೂ ದೂರವಾಣಿ ಸಂಸ್ಥೆಗಳೂ ಷೇರು ಹಣ ಹೂಡಿದ ಕಂಪೆನಿ ಅದು. ಅರ್ಲಿ ಬರ್ಡ್ ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿ, ಭೂಮಿಯ ತಿರುಗುವಿಕೆಗೆ ಸರಿಸಮನಾಗಿ ಸುತ್ತುತ್ತಿದ್ದುದರಿಂದ, ನೆಲದಿಂದ ನೋಡುವವರಿಗೆ ಒಂದೇ ಕಡೆ ನಿಂತಂತೆ ತೋರುತ್ತಿತ್ತು. ಇಂಥ ಎತ್ತರದಲ್ಲಿ ಉಪಗ್ರಹಗಳನ್ನು ನಿಲ್ಲಿಸಿ ಸುದ್ದಿ ಸಾಗಿಸಬಹುದೆಂದು ಇಂಗ್ಲೆಂಡಿನ ಲೇಖಕ ಆರ್ಥರ್ ಸಿ. ಕ್ಲಾರ್ಕ್ 1945ರಲ್ಲಿಯೇ ಬರೆದಿದ್ದನು. 240 ದೂರವಾಣಿ ಸಂಭಾಷಣೆಗಳನ್ನು ಏಕಕಾಲಕ್ಕೆ ಹೊರಬಲ್ಲ ಈ ಉಪಗ್ರಹ ನಿಜವಾಗಿಯೂ ಹಣ ದುಡಿಯಿತು.

ಅದು ಹಣ ದುಡಿದುದೇಕೆ ಎಂಬುದನ್ನು ಸ್ವಲ್ಪ ವಿಚಾರಮಾಡಿ ನೋಡಬೇಕು. ವ್ಯೋಮದಿಂದ ಒಂದು ಕಿಲೋಗ್ರಾಂ ಚಿನ್ನವನ್ನು ತರುವುದಕ್ಕೆ ಆ ಚಿನ್ನದ ಬೆಲೆಗಿಂತ ಬಹುಪಾಲು ಹೆಚ್ಚು ಖರ್ಚಾದೀತು. ಆದರೆ ಮಾತಿಗೆ ತೂಕವಿಲ್ಲ, ಚಿತ್ರಕ್ಕೆ ತೂಕವಿಲ್ಲ. ಯಂತ್ರವನ್ನು ಒಮ್ಮೆ ಮೇಲೆ ಹೊತ್ತು ಇರಿಸಿದರೆ ಸಾಕು, ಅಲ್ಲಿಂದ ಇಳಿದು ಬರುವುದೆಲ್ಲ ಬರಿಯ ವಿದ್ಯುತ್ಕಾಂತ ತರಂಗ. ತೂಕವಿಲ್ಲದ ಸರಕನ್ನು ಮಾರುವವನೇ ವ್ಯೋಮದಲ್ಲಿ ಲಾಭ ಕಂಡವನು. ದೂರವಾಣಿ, ದೂರದರ್ಶನ, ಹವಾಮಾನದ ಚಿತ್ರ, ನೆಲದ ಬೆಳೆಗಳ ಚಿತ್ರ, ಇಂದಿನ ಅಂತರಜಾಲ, ಎಲ್ಲವೂ ಇಂಥ ಸರಕುಗಳೇ. ಬೆಂಗಳೂರಿನಲ್ಲಿ ಇಂದು ಆಟೋರಿಕ್ಷಾ ಚಾಲಕನು ಮೊಬೈಲ್ ಫೋನಿನ ನಕ್ಷೆಯನ್ನು ನೋಡಿ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾನಷ್ಟೆ. ಅವನಿಗೆ ದಾರಿ ತೋರುವ ಸಂಕೇತಗಳು ಉಪಗ್ರಹಗಳಿಂದ ಬರುತ್ತವೆ. ಅಮೆರಿಕೆಯ ಸೇನೆ ಕಟ್ಟಿದ ಜಿ.ಪಿ.ಎಸ್. ವ್ಯವಸ್ಥೆಯಂತೂ ಸಂಕೇತಕ್ಕೆ ಯಾರಿಂದಲೂ ಬಿಡಿಗಾಸನ್ನೂ ಕೇಳುವುದಿಲ್ಲ. ಸರ್ಕಾರ ಧರ್ಮಛತ್ರದಂತೆ ತೆರೆದಿಟ್ಟ ಈ ವ್ಯವಸ್ಥೆಯ ನೆರಳಿನಲ್ಲಿ ಲೆಕ್ಕವಿಲ್ಲದಷ್ಟು ಖಾಸಗಿ ವ್ಯಾಪಾರಗಳು ತಲೆಯೆತ್ತಿವೆ. ಖಾಸಗಿ ಉದ್ಯಮದ ಹಿರಿಮೆಯನ್ನು ಕೊಂಡಾಡುವವರು ಈ ಸಂಗತಿಯನ್ನು ಮರೆಯುವುದುಂಟು.

ಕೊಳ್ಳುವವರನ್ನು ಕಾಣದೆ ಅಂಗಡಿ ತೆರೆದವರ ಪಾಡೇನೆಂಬುದಕ್ಕೆ ಇರಿಡಿಯಂ ಎಂಬ ಸಂಸ್ಥೆಯ ಕಥೆ ಸಾಕ್ಷಿಯಾಗಿದೆ. ಅಮೆರಿಕೆಯ ಮೋಟೊರೋಲಾ ಕಂಪೆನಿಯ ಎಂಜಿನಿಯರುಗಳು 1980ರ ದಶಕದ ಕೊನೆಯಲ್ಲಿ ಒಂದು ಕನಸು ಕಂಡರು. ಭೂಮಿಯನ್ನು 77 ಉಪಗ್ರಹಗಳಿಂದ ಸುತ್ತುವರಿದರೆ ಮರುಭೂಮಿಯಿಂದಲೋ ನಡುಗಡಲಿನಿಂದಲೋ ಯಾರು ಬೇಕಾದರೂ ಕೈಯಲ್ಲಿ ಹಿಡಿದ ಫೋನಿನಿಂದ ಮಾತನಾಡಬಹುದೆಂಬುದು ಅವರ ಯೋಜನೆ. ಇರಿಡಿಯಂ ಎಂಬ ಧಾತುವಿನ ಪರಮಾಣು ಸಂಖ್ಯೆ 77. ಅದರಿಂದಲೇ ಆ ಹೆಸರು ಬಂದಿತು. ಮುಂದೆ 66 ಉಪಗ್ರಹಗಳೇ ಸಾಕೆಂದು ಕಂಡುಬಂದರೂ ಹೆಸರು ಮಾತ್ರ ಬದಲಾಗಲಿಲ್ಲ. ಸುಮಾರು 500 ಕೋಟಿ ಡಾಲರುಗಳು ವೆಚ್ಚವಾದವು. 1998ರ ನವೆಂಬರಿನಲ್ಲಿ ಸೇವೆ ಆರಂಭವಾಯಿತು. ಯಂತ್ರಗಳು ಚೆನ್ನಾಗಿಯೇ ಕೆಲಸಮಾಡಿದವು. ಆದರೆ ಕೊಳ್ಳುವವರು ಬರಲಿಲ್ಲ. ಫೋನು ಇಟ್ಟಿಗೆಯಷ್ಟು ದಪ್ಪ. ಅದರ ಬೆಲೆ ಸುಮಾರು ಮೂರು ಸಾವಿರ ಡಾಲರು. ಮನೆಯೊಳಗೆ ನಿಂತು ಮಾತನಾಡಿದರೆ ಕೇಳಿಸುತ್ತಿರಲಿಲ್ಲ. ಎಂಜಿನಿಯರುಗಳು ಕನಸು ಕಾಣುತ್ತಿದ್ದ ಹತ್ತು ವರ್ಷಗಳಲ್ಲಿ ನೆಲದ ಮೇಲೆ ಸಾಮಾನ್ಯ ಮೊಬೈಲ್ ಫೋನುಗಳ ಗೋಪುರಗಳು ಊರೂರಿನಲ್ಲಿ ಎದ್ದುಬಿಟ್ಟಿದ್ದವು. ಒಂಬತ್ತು ತಿಂಗಳು ತುಂಬುವಷ್ಟರಲ್ಲಿ, 1999ರ ಆಗಸ್ಟಿನಲ್ಲಿ, ಸಂಸ್ಥೆ ದಿವಾಳಿಯಾಯಿತು.

ಆಗ ಆ ಉಪಗ್ರಹಗಳನ್ನೆಲ್ಲ ಕೆಳಕ್ಕೆ ಇಳಿಸಿ ವಾತಾವರಣದಲ್ಲಿ ಸುಟ್ಟುಬಿಡುವ ಆಲೋಚನೆಯೂ ನಡೆಯಿತು. ಅಷ್ಟರಲ್ಲಿ ಹೊಸಬರ ಗುಂಪೊಂದು ಸುಮಾರು ಎರಡೂವರೆ ಕೋಟಿ ಡಾಲರಿಗೆ ಇಡೀ ಆಸ್ತಿಯನ್ನು ಕೊಂಡಿತು. ನೂರು ರೂಪಾಯಿಯ ಸರಕನ್ನು ಐವತ್ತು ಪೈಸೆಗೆ ಕೊಂಡಂತಾಯಿತು. ಅವರು ಅಷ್ಟು ಧೈರ್ಯಮಾಡುವುದಕ್ಕೆ ಕಾರಣವಿತ್ತು: ಅಮೆರಿಕೆಯ ರಕ್ಷಣಾ ಇಲಾಖೆ ತನ್ನ ಸೈನಿಕರಿಗಾಗಿ ಈ ಸೇವೆಯನ್ನು ಕೊಳ್ಳಲು 2000ದ ಡಿಸೆಂಬರಿನಲ್ಲಿ ಒಪ್ಪಂದ ಮಾಡಿಕೊಂಡಿತು. ಅಂಚೆಯ ಚೀಲ ಮತ್ತೆ ಕಾಣಿಸಿಕೊಂಡಿತು. ಬರಬರುತ್ತ ಹಡಗುಗಳವರು, ವಿಮಾನಗಳವರು, ಗಣಿಗಳವರು ಗಿರಾಕಿಗಳಾದರು, ಸಂಸ್ಥೆ ಬದುಕಿಕೊಂಡಿತು.

ಇನ್ನು ಸರಕನ್ನು ಮೇಲಕ್ಕೊಯ್ಯುವ ವಾಹನದ ಮಾತು. ವ್ಯೋಮದ ವ್ಯಾಪಾರಕ್ಕೆ ಬಹುಕಾಲ ಅಡ್ಡಬಂದುದು ಈ ವಾಹನದ ವೆಚ್ಚವೇ. ಉಪಗ್ರಹವೊಂದು ಭೂಮಿಯ ಸುತ್ತ ಬೀಳದೆ ಸುತ್ತಬೇಕಾದರೆ ಅದಕ್ಕೆ ಗಂಟೆಗೆ ಸುಮಾರು 28,000 ಕಿಲೋಮೀಟರು ವೇಗವನ್ನು ಕೊಡಬೇಕು. ಅದಕ್ಕಾಗಿ ಹೊರಡುವ ರಾಕೆಟ್ಟಿನ ತೂಕದಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಪಾಲು ಇಂಧನ ಮತ್ತು ಅದನ್ನು ಉರಿಸುವ ಆಮ್ಲಜನಕವೇ ಆಗಿರುತ್ತದೆ. ವಿಚಿತ್ರವೆಂದರೆ ಈ ಇಂಧನದ ಬೆಲೆ ಅಷ್ಟೇನೂ ಹೆಚ್ಚಲ್ಲ. ಬೆಲೆ ಇರುವುದು ರಾಕೆಟ್ಟಿನ ಒಡಲಿಗೆ, ಅದರ ಎಂಜಿನುಗಳಿಗೆ. ವರ್ಷಗಟ್ಟಲೆ ಶ್ರಮಪಟ್ಟು ಮಾಡಿದ ಅವುಗಳನ್ನು ಕೆಲವೇ ನಿಮಿಷ ಉಪಯೋಗಿಸಿ ಸಮುದ್ರಕ್ಕೆ ಎಸೆಯುವುದು ಪದ್ಧತಿಯಾಗಿತ್ತು. ಜಾತ್ರೆಗೆ ಹೋದವನು ಅಲ್ಲಿಯೇ ಗಾಡಿಯನ್ನು ಸುಟ್ಟು ಬರಿಗೈಯಲ್ಲಿ ಹಿಂದಿರುಗಿದಂತೆ! ಅಮೆರಿಕೆಯ ವ್ಯೋಮ ನೌಕೆ ‘ಷಟಲ್’ ಮತ್ತೆ ಮತ್ತೆ ಹಾರುವಂತೆ ರಚಿತವಾಗಿತ್ತು. 1981ರಿಂದ 2011ರವರೆಗೆ ಅದು 135 ಬಾರಿ ಹಾರಿತು. ಆದರೆ ಒಂದೊಂದು ಹಾರಾಟದ ಬಳಿಕವೂ ಅದನ್ನು ಸರಿಪಡಿಸಿ ಅಣಿಮಾಡುವುದಕ್ಕೆ ಅಪಾರವಾದ ಹಣವೂ ತಿಂಗಳುಗಳ ಕಾಲವೂ ಬೇಕಾಗುತ್ತಿದ್ದವು. 1986ರಲ್ಲಿ ಚಾಲೆಂಜರ್ ಸ್ಫೋಟಗೊಂಡು ಏಳು ಮಂದಿ ಮಡಿದರು. 2003ರ ಫೆಬ್ರವರಿ 1ರಂದು ಕೊಲಂಬಿಯಾ ಛಿದ್ರವಾದಾಗ ಮಡಿದ ಏಳು ಮಂದಿಯಲ್ಲಿ ಭಾರತದಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಒಬ್ಬರು.

ಷಟಲನ್ನು ನಿಲ್ಲಿಸಬೇಕೆಂದು ತೀರ್ಮಾನವಾಯಿತು. ಅತ್ತ ವ್ಯೋಮದಲ್ಲಿ ಅಂತರರಾಷ್ಟ್ರೀಯ ನಿಲ್ದಾಣ ಇತ್ತು; 2000ದ ನವೆಂಬರಿನಿಂದ ಅಲ್ಲಿ ಮನುಷ್ಯರು ಒಂದು ದಿನವೂ ತೆರವಿಲ್ಲದಂತೆ ವಾಸಿಸುತ್ತಿದ್ದರು. ಅವರಿಗೆ ಅನ್ನ, ನೀರು, ಬಟ್ಟೆ, ಉಪಕರಣಗಳನ್ನು ಹೊತ್ತುಹಾಕುವವರು ಯಾರು? ಅಮೆರಿಕೆಯ ನಾಸಾ ಸಂಸ್ಥೆ ಆಗ ಹಳೆಯ ಪದ್ಧತಿಯನ್ನು ಬಿಟ್ಟು ಹೊಸ ಹಾದಿ ಹಿಡಿಯಿತು. ಮೊದಲಾದರೆ ರಾಕೆಟ್ಟಿನ ನಕ್ಷೆಯನ್ನು ತಾನೇ ಬರೆಸಿ, ಆದ ಖರ್ಚನ್ನೆಲ್ಲ ಕೊಟ್ಟು, ಮೇಲೆ ಲಾಭವನ್ನೂ ಸೇರಿಸಿ ಕಂಪೆನಿಗಳಿಗೆ ತೆರುತ್ತಿತ್ತು. ಖರ್ಚು ಹೆಚ್ಚಿದಷ್ಟೂ ಗುತ್ತಿಗೆದಾರನಿಗೆ ಅನುಕೂಲವೇ ಆಗುತ್ತಿತ್ತು. ಈಗ, ‘ಇಷ್ಟು ಸಾಮಾನನ್ನು ನಿಲ್ದಾಣಕ್ಕೆ ಮುಟ್ಟಿಸಬೇಕು, ಇಷ್ಟು ಹಣ ಕೊಡುತ್ತೇವೆ, ವಾಹನ ನಿಮ್ಮದು, ನಷ್ಟವೂ ನಿಮ್ಮದೇ’ ಎಂಬಂಥ ಕರಾರು ಹುಟ್ಟಿತು. 2006ರಲ್ಲಿ ಎರಡು ಸಂಸ್ಥೆಗಳನ್ನು ಆರಿಸಿ, ಕೆಲಸ ಒಂದೊಂದು ಹಂತ ಮುಗಿದಂತೆ ಒಂದೊಂದು ಕಂತನ್ನು ಕೊಡುವುದಾಗಿ ನಾಸಾ ಒಪ್ಪಿತು. ಅವುಗಳಲ್ಲಿ ಒಂದು ಸಂಸ್ಥೆ ತನ್ನ ಪಾಲಿನ ಬಂಡವಾಳವನ್ನು ಕೂಡಿಸಲಾರದೆ ಮರುವರ್ಷವೇ ಹೊರಬಿದ್ದಿತು. ಅದರ ಸ್ಥಾನಕ್ಕೆ ಆರ್ಬಿಟಲ್ ಸೈನ್ಸಸ್ ಎಂಬ ಕಂಪೆನಿ ಬಂದಿತು. ಇನ್ನೊಂದು, ಎಲಾನ್ ಮಸ್ಕ್ ಎಂಬ ಉದ್ಯಮಿ 2002ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪಿಸಿದ ಸ್ಪೇಸ್‌ಎಕ್ಸ್.

ಆ ವರ್ಷ ಈ ಕಂಪೆನಿಯ ಕೈಯಲ್ಲಿ ಹಾರಬಲ್ಲ ರಾಕೆಟ್ಟು ಒಂದೂ ಇರಲಿಲ್ಲ. ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳ ನಡುವೆ ಓಮೆಲೆಕ್ ಎಂಬ ಅಂಗೈಯಗಲದ ದ್ವೀಪವಿದೆ. ಅಲ್ಲಿಂದ 2006ರ ಮಾರ್ಚಿನಲ್ಲಿ ಅವರ ಫಾಲ್ಕನ್-1 ರಾಕೆಟ್ಟು ಮೊದಲ ಬಾರಿಗೆ ಹೊರಟಿತು. ಅರೆನಿಮಿಷ ತುಂಬುವ ಮೊದಲೇ ಎಂಜಿನ್ನಿಗೆ ಬೆಂಕಿ ಹತ್ತಿ ಅದು ಸಮುದ್ರಕ್ಕೆ ಕುಸಿಯಿತು. ಉಪ್ಪುಗಾಳಿಯಿಂದ ಸವೆದುಹೋಗಿದ್ದ ಒಂದು ಸಣ್ಣ ಅಲ್ಯುಮಿನಿಯಂ ನಟ್ಟು ಬಿರಿದು ಇಂಧನ ಸೋರಿದುದೇ ಕಾರಣ. ಅದು ಹೊತ್ತಿದ್ದ ಉಪಗ್ರಹ ದ್ವೀಪದ ಕಾರ್ಯಾಗಾರದ ಮಾಡನ್ನು ಮುರಿದುಕೊಂಡು ಒಳಕ್ಕೆ ಬಿದ್ದಿತು. ವ್ಯೋಮಕ್ಕೆಂದು ಹೊರಟದ್ದು ಮನೆಗೇ ಹಿಂದಿರುಗಿತು! 2007ರಲ್ಲಿ ಎರಡನೆಯ ಯತ್ನವೂ ಗುರಿ ಮುಟ್ಟಲಿಲ್ಲ. 2008ರ ಆಗಸ್ಟಿನಲ್ಲಿ ಮೂರನೆಯದು ಹಾರಿತು. ಕೆಳಗಿನ ಹಂತ ಕಳಚಿಕೊಂಡ ಮೇಲೂ ಅದರ ಎಂಜಿನ್ನಿನಲ್ಲಿ ಉಳಿದಿದ್ದ ಅಲ್ಪ ಒತ್ತಡ ಅದನ್ನು ಮುಂದಕ್ಕೆ ನೂಕಿ ಮೇಲಿನ ಹಂತಕ್ಕೆ ಡಿಕ್ಕಿ ಹೊಡೆಸಿತು. ಕಳಚುವುದನ್ನು ಕೆಲವು ಸೆಕೆಂಡು ತಡಮಾಡಿದ್ದರೆ ಎಲ್ಲವೂ ಸರಿಹೋಗುತ್ತಿತ್ತು.

ಮಸ್ಕ್ ಹಾಕಿದ್ದ ಸುಮಾರು ಹತ್ತು ಕೋಟಿ ಡಾಲರು ಹೆಚ್ಚುಕಡಿಮೆ ಕರಗಿತ್ತು. ಇನ್ನೊಂದು ರಾಕೆಟ್ಟಿಗೆ ಆಗುವಷ್ಟು ಬಿಡಿಭಾಗಗಳು ಉಳಿದಿದ್ದವು. ಎಂಟು ವಾರಗಳಲ್ಲಿ ಅದನ್ನು ಜೋಡಿಸಿ 2008ರ ಸೆಪ್ಟೆಂಬರ್ 28ರಂದು ಹಾರಿಸಿದರು. ಯಾವ ಗಿರಾಕಿಯೂ ತನ್ನ ಉಪಗ್ರಹವನ್ನು ಕೊಡುವಂತಿರಲಿಲ್ಲವಾದುದರಿಂದ ಲೋಹದ ಒಂದು ತುಂಡನ್ನೇ ಹೊರೆಯಾಗಿ ಇಟ್ಟಿದ್ದರು. ಆ ಹೊರೆ ಕಕ್ಷೆಯನ್ನು ಸೇರಿತು. ಅದೇ ಡಿಸೆಂಬರ್ 23ರಂದು ನಾಸಾ, ನಿಲ್ದಾಣಕ್ಕೆ ಹನ್ನೆರಡು ಬಾರಿ ಸರಕು ಮುಟ್ಟಿಸುವ 160 ಕೋಟಿ ಡಾಲರುಗಳ ಗುತ್ತಿಗೆಯನ್ನು ಈ ಕಂಪೆನಿಗೆ ಕೊಟ್ಟಿತು. ಆರ್ಬಿಟಲ್ ಸಂಸ್ಥೆಗೂ ಎಂಟು ಹಾರಾಟಗಳ ಗುತ್ತಿಗೆ ದೊರೆಯಿತು. ಒಬ್ಬನನ್ನೇ ನೆಚ್ಚದೆ ಇಬ್ಬರಿಗೆ ಕೆಲಸ ಹಂಚಿದ ಈ ಎಚ್ಚರಿಕೆ ವಿವೇಕದ್ದು ಎಂಬುದು ಮುಂದೆ ಸ್ಪಷ್ಟವಾಯಿತು: 2014ರಲ್ಲಿ ಆರ್ಬಿಟಲ್ ರಾಕೆಟ್ಟು ಸಿಡಿದಾಗ ಸ್ಪೇಸ್‌ಎಕ್ಸ್ ಸರಕು ಮುಟ್ಟಿಸುತ್ತಿತ್ತು, 2015ರ ಜೂನ್‌ನಲ್ಲಿ ಅದರ ರಾಕೆಟ್ಟೂ ಆಕಾಶದಲ್ಲಿ ಚೂರಾಯಿತು.

2012ರ ಮೇ 25ರಂದು ‘ಡ್ರ್ಯಾಗನ್’ ಎಂಬ ನೌಕೆ ನಿಲ್ದಾಣವನ್ನು ಸೇರಿದಾಗ ಖಾಸಗಿ ಸಂಸ್ಥೆಯೊಂದರ ವಾಹನ ಅಲ್ಲಿಗೆ ಹೋದದ್ದು ಅದೇ ಮೊದಲಾಯಿತು. ಸರಕಿನ ಬಾಡಿಗೆಯಿಂದ ಬಂದ ಸ್ಥಿರತೆಯಿಂದಾಗಿ ಆ ಎಂಜಿನಿಯರುಗಳು ಗಾಡಿಯನ್ನು ಸುಡದೆ ಹಿಂದಕ್ಕೆ ತರುವ ಪ್ರಯೋಗಗಳಲ್ಲಿ ತೊಡಗಲು ಸಾಧ್ಯವಾಯಿತು. ಎಷ್ಟೋ ಬಾರಿ ರಾಕೆಟ್ಟಿನ ಕೆಳಹಂತ ಸಮುದ್ರದ ಮೇಲಿನ ತೆಪ್ಪಕ್ಕೆ ಅಪ್ಪಳಿಸಿ ಒಡೆಯಿತು. 2015ರ ಡಿಸೆಂಬರ್ 21ರ ರಾತ್ರಿ ಫ್ಲಾರಿಡಾದ ತೀರದಲ್ಲಿ ಅದು ಬೆಂಕಿಯ ಕಾಲಿನ ಮೇಲೆ ಇಳಿದು ನೆಟ್ಟಗೆ ನಿಂತಿತು. 2017ರ ಮಾರ್ಚಿನಲ್ಲಿ ಒಮ್ಮೆ ಹಾರಿ ಬಂದ ಹಂತವನ್ನೇ ಮತ್ತೊಮ್ಮೆ ಹಾರಿಸಿದರು. ದಿವಾಳಿಯಿಂದ ಎದ್ದ ಇರಿಡಿಯಂ ಸಂಸ್ಥೆ ತನ್ನ ಮುದಿ ಉಪಗ್ರಹಗಳನ್ನು ಬದಲಿಸಲು 2017ರಿಂದ 2019ರವರೆಗೆ ಆಶ್ರಯಿಸಿದುದು ಇದೇ ರಾಕೆಟ್ಟುಗಳನ್ನು. 2020ರ ಮೇ 30ರಂದು ಅದೇ ಸಂಸ್ಥೆಯ ನೌಕೆಯಲ್ಲಿ ಇಬ್ಬರು ಗಗನಯಾತ್ರಿಗಳೂ ಹೋದರು.

ನಮ್ಮ ದೇಶದ ಹಾದಿ ಬೇರೆ. ಇಲ್ಲಿ ವ್ಯೋಮವಿಜ್ಞಾನವನ್ನು ಕಟ್ಟಿ ಬೆಳೆಸಿದುದು ಸರ್ಕಾರವೇ. ಮೊದಲ ಉಪಗ್ರಹ ಆರ್ಯಭಟ ಸಿದ್ಧವಾದುದು ಬೆಂಗಳೂರಿನ ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ. 1975ರ ಏಪ್ರಿಲ್ 19ರಂದು ಅದನ್ನು ಹಾರಿಸಿದುದು ಸೋವಿಯತ್ ರಾಕೆಟ್ಟು. ಅಂದು ಪರರ ವಾಹನದಲ್ಲಿ ಹೋದ ದೇಶ ಕಾಲಾಂತರದಲ್ಲಿ ಪರರ ಸರಕನ್ನು ಹೊರುವಂತಾಯಿತು. 1992ರಲ್ಲಿ ಬೆಂಗಳೂರಿನಲ್ಲಿ ‘ಆಂಟ್ರಿಕ್ಸ್’ ಎಂಬ ಸರ್ಕಾರಿ ಮಾರಾಟ ಸಂಸ್ಥೆ ಸ್ಥಾಪಿತವಾಯಿತು. 1999ರಲ್ಲಿ ಪಿ.ಎಸ್.ಎಲ್.ವಿ. ರಾಕೆಟ್ಟು ಜರ್ಮನಿ ಮತ್ತು ಕೊರಿಯಾ ದೇಶಗಳ ಪುಟ್ಟ ಉಪಗ್ರಹಗಳನ್ನು ಮೇಲೇರಿಸಿತು. 2017ರ ಫೆಬ್ರವರಿ 15ರಂದು ಒಂದೇ ರಾಕೆಟ್ಟು 104 ಉಪಗ್ರಹಗಳನ್ನು ಹೊತ್ತು ಹೋದುದು ಎಲ್ಲರಿಗೂ ತಿಳಿದ ಸಂಗತಿ. ಅವುಗಳಲ್ಲಿ 88 ಉಪಗ್ರಹಗಳು ಪ್ಲಾನೆಟ್ ಎಂಬ ಒಂದೇ ಅಮೆರಿಕನ್ ಕಂಪೆನಿಗೆ ಸೇರಿದವು ಎಂಬುದು ಅಷ್ಟಾಗಿ ತಿಳಿದಿಲ್ಲ. ಭೂಮಿಯ ನೆಲವನ್ನೆಲ್ಲ ದಿನದಿನವೂ ಚಿತ್ರ ತೆಗೆದು ಮಾರುವುದು ಆ ಕಂಪೆನಿಯ ಕಸುಬು. ಆ ದಿನ ಶ್ರೀಹರಿಕೋಟದ ಗಾಡಿಗೆ ಬಾಡಿಗೆ ಕೊಟ್ಟವನು ಖಾಸಗಿ ವರ್ತಕ. ಅಲ್ಲಿ ಸರ್ಕಾರ ಗಿರಾಕಿ, ಕಂಪೆನಿ ಗಾಡಿಯವನು. ಇಲ್ಲಿ ಸರ್ಕಾರವೇ ಗಾಡಿಯವನು.

2020ರಲ್ಲಿ ನಮ್ಮ ಸರ್ಕಾರವೂ ಖಾಸಗಿಯವರಿಗೆ ಬಾಗಿಲು ತೆರೆಯಿತು. ಅಲ್ಲಿಯವರೆಗೆ ಅವರು ಇಸ್ರೋ ಹೇಳಿದ ಬಿಡಿಭಾಗಗಳನ್ನು ಮಾಡಿಕೊಡುತ್ತಿದ್ದರು. ಇನ್ನು ಮುಂದೆ ರಾಕೆಟ್ಟನ್ನೂ ಉಪಗ್ರಹವನ್ನೂ ತಮ್ಮದಾಗಿಯೇ ಮಾಡಿ ಹಾರಿಸಬಹುದೆಂದಾಯಿತು. 2022ರ ನವೆಂಬರ್ 18ರಂದು ಹೈದರಾಬಾದಿನ ಸ್ಕೈರೂಟ್ ಸಂಸ್ಥೆಯ ವಿಕ್ರಮ್-ಎಸ್ ರಾಕೆಟ್ಟು ಶ್ರೀಹರಿಕೋಟದಿಂದ 89.5 ಕಿಲೋಮೀಟರು ಎತ್ತರಕ್ಕೆ ಹಾರಿ ಸಮುದ್ರಕ್ಕೆ ಬಿದ್ದಿತು. ಕಕ್ಷೆಯನ್ನು ಸೇರುವ ಉದ್ದೇಶ ಅದಕ್ಕಿರಲಿಲ್ಲ. ಅಂಬೆಗಾಲಿಡುವ ಮಗುವನ್ನು ಓಡಲಿಲ್ಲವೆಂದು ದೂರುವವರುಂಟೆ? ಬೆಂಗಳೂರಿನ ಪಿಕ್ಸೆಲ್ ಸಂಸ್ಥೆ 2025ರ ಜನವರಿ 14ರಂದು ಮೂರು ಉಪಗ್ರಹಗಳನ್ನು ಹಾರಿಸಿತು. ಬೆಳಕನ್ನು ನೂರಕ್ಕೂ ಮಿಕ್ಕ ಸೂಕ್ಷ್ಮವರ್ಣಗಳಾಗಿ ಬೇರ್ಪಡಿಸಿ ನೋಡುವ ಅವುಗಳ ಕಣ್ಣಿಗೆ, ಪೈರಿಗೆ ರೋಗ ತಗುಲಿದುದು ರೈತನ ಕಣ್ಣಿಗೆ ಬೀಳುವ ಮೊದಲೇ ಕಾಣಬಹುದೆಂಬ ನಿರೀಕ್ಷೆ ಇದೆ. ಆ ಉಪಗ್ರಹಗಳು ಹೋದದ್ದು ಮಾತ್ರ ಕ್ಯಾಲಿಫೋರ್ನಿಯಾದಿಂದ, ಸ್ಪೇಸ್‌ಎಕ್ಸ್ ರಾಕೆಟ್ಟಿನಲ್ಲಿ. ವ್ಯಾಪಾರಿಗೆ ಅಗ್ಗವಾದ ಗಾಡಿ ಯಾವ ಊರಿನದಾದರೇನು!

ಚಂದ್ರನಲ್ಲಿ ನೀರು ತೋಡುವೆವು, ಕ್ಷುದ್ರಗ್ರಹಗಳಲ್ಲಿ ಪ್ಲಾಟಿನಂ ಅಗೆಯುವೆವು ಎಂದು ಹೊರಟವರೂ ಉಂಟು. 2012ರಲ್ಲಿ ಬಹಳ ಸದ್ದುಮಾಡಿದ ಅಂಥ ಒಂದು ಕಂಪೆನಿ 2018ರ ವೇಳೆಗೆ ಬೇರೆ ವ್ಯವಹಾರದವರ ಪಾಲಾಯಿತು. ಆ ಮಾತು ಸದ್ಯಕ್ಕೆ ಬೇಡ.

ಈ ಬೆಳವಣಿಗೆಗೆ ಇನ್ನೊಂದು ಮುಖವೂ ಇದೆ. 2009ರ ಫೆಬ್ರವರಿ 10ರಂದು ಸೈಬೀರಿಯಾದ ಮೇಲೆ, ಸುಮಾರು 790 ಕಿಲೋಮೀಟರು ಎತ್ತರದಲ್ಲಿ, ಇರಿಡಿಯಂ ಸಂಸ್ಥೆಯ ಒಂದು ಉಪಗ್ರಹಕ್ಕೂ ಕೆಲಸ ನಿಲ್ಲಿಸಿ ಅಲೆಯುತ್ತಿದ್ದ ರಷ್ಯಾದ ಒಂದು ಉಪಗ್ರಹಕ್ಕೂ ಡಿಕ್ಕಿಯಾಯಿತು. ಎರಡೂ ನುಚ್ಚುನೂರಾಗಿ ಎರಡು ಸಾವಿರದಷ್ಟು ತುಣುಕುಗಳು ಕಕ್ಷೆಯಲ್ಲಿ ಹರಡಿದವು. ಅಂಥ ವೇಗದಲ್ಲಿ ಗೋಲಿಯಷ್ಟು ದೊಡ್ಡ ಚೂರು ಕೂಡ ಉಪಗ್ರಹವೊಂದನ್ನು ಕೆಡಿಸಬಲ್ಲುದು. ಊರ ಗೋಮಾಳದಲ್ಲಿ ಎಲ್ಲರೂ ದನ ಮೇಯಿಸುತ್ತಾರೆ. ಸಗಣಿ ಬಾಚುವವರು ಯಾರೂ ಇಲ್ಲವಾದರೆ ಏನಾದೀತು? 2019ರಿಂದೀಚೆಗೆ ಸ್ಪೇಸ್‌ಎಕ್ಸ್ ತನ್ನ ಅಂತರಜಾಲ ಸೇವೆಗಾಗಿಯೇ ಸಾವಿರಾರು ಉಪಗ್ರಹಗಳನ್ನು ಹಾರಿಸಿದೆ. ನಕ್ಷತ್ರಗಳನ್ನು ಅಧ್ಯಯನಮಾಡುವ ವಿಜ್ಞಾನಿಗಳ ಛಾಯಾಚಿತ್ರಗಳಲ್ಲಿ ಅವುಗಳ ಬೆಳಕಿನ ಗೆರೆಗಳು ಅಡ್ಡಬೀಳುತ್ತಿವೆ. 1967ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ವ್ಯೋಮವನ್ನು ಯಾವ ರಾಷ್ಟ್ರವೂ ತನ್ನದೆಂದು ಸಾಧಿಸುವಂತಿಲ್ಲ; ಖಾಸಗಿ ಸಂಸ್ಥೆ ಅಲ್ಲಿ ಏನು ಮಾಡಿದರೂ ಅದರ ಹೊಣೆ ಆ ಸಂಸ್ಥೆಯ ದೇಶದ್ದೇ. ಅರ್ಥಾತ್, ಲಾಭ ಷೇರುದಾರನಿಗೆ ಬಂದರೂ ಹೊಣೆ ಪ್ರಜೆಗಳೆಲ್ಲರದು. ಬೆಂಗಳೂರಿನ ದಿಗಂತರ ಎಂಬ ಸಂಸ್ಥೆ ಇಂಥ ಚೂರುಗಳ ಜಾಡು ಹಿಡಿಯುವುದನ್ನೇ ತನ್ನ ವ್ಯಾಪಾರವಾಗಿ ಆರಿಸಿಕೊಂಡಿದೆ. ಕಸದಿಂದಲೂ ಕಸುಬು ಹುಟ್ಟುತ್ತದೆ.

ಒಬ್ಬನೇ ಗಾಡಿಯವನಾದರೆ ಆಗುವ ತೊಡಕು ಇನ್ನೊಂದು ಬಗೆಯದು. 2024ರ ಜೂನ್‌ನಲ್ಲಿ ಸುನೀತಾ ವಿಲಿಯಮ್ಸ್ ಮತ್ತು ಬುಚ್ ವಿಲ್‌ಮೋರ್ ಬೋಯಿಂಗ್ ಸಂಸ್ಥೆಯ ನೌಕೆಯಲ್ಲಿ ಸುಮಾರು ಎಂಟು ದಿನಗಳಿಗೆಂದು ನಿಲ್ದಾಣಕ್ಕೆ ಹೋದರು. ನೌಕೆಯಲ್ಲಿ ದೋಷಗಳು ಕಂಡುಬಂದುದರಿಂದ ಅದನ್ನು ಖಾಲಿಯಾಗಿಯೇ ಹಿಂದಕ್ಕೆ ತಂದರು. ಇಬ್ಬರೂ ಮರಳಿದುದು 2025ರ ಮಾರ್ಚಿನಲ್ಲಿ, ಸ್ಪೇಸ್‌ಎಕ್ಸ್ ನೌಕೆಯಲ್ಲಿ. ಆ ಎರಡನೆಯ ಗಾಡಿ ಇಲ್ಲದಿದ್ದರೆ ಅಮೆರಿಕ ಮತ್ತೆ ರಷ್ಯಾದ ಬಾಗಿಲು ತಟ್ಟಬೇಕಾಗುತ್ತಿತ್ತು. ಇಬ್ಬರಿಗೆ ಕೆಲಸ ಹಂಚಿದ ಹಳೆಯ ಎಚ್ಚರಿಕೆ ಇಲ್ಲಿಯೂ ಕಾಪಾಡಿತು. ಆದರೆ ಈಗ ಉಳಿದವನು ಒಬ್ಬನೇ ಎಂಬ ಚಿಂತೆಯನ್ನೂ ಅದು ಉಳಿಸಿತು.

2025ರ ಜೂನ್ 25ರಂದು ಭಾರತದ ಶುಭಾಂಶು ಶುಕ್ಲಾ ನಿಲ್ದಾಣಕ್ಕೆ ಪಯಣ ಬೆಳೆಸಿದರು. ಯಾತ್ರೆಯನ್ನು ಏರ್ಪಡಿಸಿದುದು ಆಕ್ಸಿಯಂ ಎಂಬ ಖಾಸಗಿ ಸಂಸ್ಥೆ. ರಾಕೆಟ್ಟೂ ನೌಕೆಯೂ ಸ್ಪೇಸ್‌ಎಕ್ಸ್‌ನವು. ಅವರ ಪ್ರಯಾಣದ ವೆಚ್ಚವನ್ನು ತೆತ್ತುದು ಭಾರತ ಸರ್ಕಾರ. ಅವರು ಒಯ್ದ ಪ್ರಯೋಗಗಳಲ್ಲಿ ಒಂದು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಅಲ್ಲಿಯ ಐ.ಐ.ಟಿ. ಸೇರಿ ರೂಪಿಸಿದುದು. ಹೆಸರುಕಾಳು ಮತ್ತು ಮೆಂತ್ಯದ ಕಾಳುಗಳು ತೂಕವೇ ತೋರದ ಆ ತಾಣದಲ್ಲಿ ಹೇಗೆ ಮೊಳೆಯುತ್ತವೆ ಎಂಬುದನ್ನು ಅರಿಯುವುದು ಅದರ ಗುರಿ. ಕಾಳುಗಳು ಮೊಳೆತವು. ಅವುಗಳ ಚಿತ್ರ ತೆಗೆದು, ಮೊಳಕೆಗಳನ್ನು ಶೀತಪೆಟ್ಟಿಗೆಯಲ್ಲಿ ಇರಿಸಲಾಯಿತು. ಆ ನಿಲ್ದಾಣದ ಆಯುಸ್ಸು 2030ರ ಸುಮಾರಿಗೆ ಮುಗಿಯುವುದೆಂದು ಲೆಕ್ಕಹಾಕಲಾಗಿದೆ. ಅದನ್ನು ಸುರಕ್ಷಿತವಾಗಿ ಸಮುದ್ರಕ್ಕೆ ಇಳಿಸುವ ಗುತ್ತಿಗೆಯೂ 2024ರಲ್ಲಿ ಸ್ಪೇಸ್‌ಎಕ್ಸ್ ಸಂಸ್ಥೆಗೇ ಹೋಗಿದೆ. ಅದರ ಬದಲಿಗೆ ತಾವೇ ನಿಲ್ದಾಣಗಳನ್ನು ಕಟ್ಟಿ ಕೋಣೆಗಳನ್ನು ಬಾಡಿಗೆಗೆ ಕೊಡುವೆವೆಂದು ಆಕ್ಸಿಯಂ ಮೊದಲಾದ ಕಂಪೆನಿಗಳು ಮುಂದೆ ಬಂದಿವೆ. ನಾಸಾ ಒಬ್ಬ ಬಾಡಿಗೆದಾರನಾಗಲು ಸಿದ್ಧವಿದೆ. ಉಳಿದ ಕೋಣೆಗಳಿಗೆ ಯಾರು ಬರುವರು, ಧಾರವಾಡದ ಮುಂದಿನ ಕಾಳುಗಳಿಗೆ ಅಲ್ಲಿ ಎಷ್ಟು ಬಾಡಿಗೆ ಹೇಳುವರು ಎಂಬುದು ಇನ್ನೂ ಗೊತ್ತಾಗಬೇಕಾಗಿದೆ.